ಪೆನುಕೊಂಡ ಸೀಮೆಯ ಮಗ್ಗ, ಮಂಗಳೂರಿನ ಬಿಳಿ ಪುಡಿ

ಹಿಂದೂಪುರ, ಧರ್ಮಾವರಂ ಕಡೆಯ ಸೀರೆ ವ್ಯಾಪಾರದಲ್ಲಿ ನೂಲಿನ ಬಗ್ಗೆ ಅನುಮಾನ ಬಂದರೆ ಮಾಡುವ ಪರೀಕ್ಷೆ ಬಹಳ ಸರಳ. ಸೆರಗಿನ ಕುಚ್ಚಿನಿಂದ ಎರಡೆಳೆ ಕಿತ್ತು, ಹೊಸೆದು, ಕಡ್ಡಿ ಗೀರಿ ತುದಿಗೆ ಹಿಡಿಯುತ್ತಾರೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಸ್ಟರ್ ಎಳೆ ಹಾಗಲ್ಲ. ಉರಿ ತಾಗುವ ಮೊದಲೇ ಸುರುಟಿಕೊಂಡು ಹಿಂದಕ್ಕೆ ಸರಿಯುತ್ತದೆ, ಕರಗುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಆರಿದ ಮೇಲೆ ತುದಿಯಲ್ಲೊಂದು ಗಟ್ಟಿ ಮಣಿ ನಿಲ್ಲುತ್ತದೆ. ಬೆರಳಲ್ಲಿ ಎಷ್ಟು ತಿಕ್ಕಿದರೂ ಅದು ಪುಡಿಯಾಗುವುದಿಲ್ಲ.

ಆ ಮಣಿಯ ತೂಕದಲ್ಲಿ ಬಹುಪಾಲು ಬಂದಿರುವುದು ಒಂದೇ ಒಂದು ಆಮ್ಲದಿಂದ. ಅದರ ಹೆಸರು ಟೆರೆಥ್ಯಾಲಿಕ್ ಆಮ್ಲ. ಕಾರ್ಖಾನೆಯಿಂದ ಹೊರಬರುವಾಗ ನೋಡಲು ಮೈದಾ ಹಿಟ್ಟಿನಂಥ ಬಿಳಿ ಪುಡಿ. ನಮ್ಮ ಮೈಮೇಲಿನ ಬಟ್ಟೆಯಲ್ಲಿ, ನೀರಿನ ಬಾಟಲಿಯಲ್ಲಿ, ಕಾರಿನ ಸೀಟ್ ಬೆಲ್ಟಿನಲ್ಲಿ ಇದೇ ಇದೆ. ಆದರೂ ಇದರ ಹೆಸರು ಕೇಳಿದವರು ಕಡಿಮೆ. ಯಲಹಂಕದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರ, ಪೆನುಕೊಂಡ ದಾಟಿ ಧರ್ಮಾವರಕ್ಕೆ ಹೋಗುವ ರೈಲುದಾರಿಯುದ್ದಕ್ಕೂ ನೇಯ್ಗೆಯಿಂದ ಬದುಕಿದ ಊರುಗಳಿವೆ. ಅವುಗಳ ಕಳೆದ ಐವತ್ತು ಅರವತ್ತು ವರ್ಷಗಳ ಚರಿತ್ರೆಯನ್ನು ಈ ಆಮ್ಲವನ್ನು ಬಿಟ್ಟು ಬರೆದರೆ ಅರ್ಧ ಬರೆದಂತೆ ಎಂಬುದು ನನ್ನ ನಂಬಿಕೆ. ಮಗ್ಗದ ಚರಿತ್ರೆ ಬರೆಯುವವರು ರಸಾಯನಶಾಸ್ತ್ರದ ಕಡೆ ಹೋಗುವುದಿಲ್ಲ, ರಸಾಯನಶಾಸ್ತ್ರದವರು ಮಗ್ಗದ ಕಡೆ ತಿರುಗಿಯೂ ನೋಡುವುದಿಲ್ಲ. ನೇಕಾರನ ಮನೆಯಲ್ಲಿ ಏನಾಯಿತು ಎಂಬುದಕ್ಕೆ ಅರ್ಧ ಉತ್ತರ ಪ್ರಯೋಗಾಲಯದಲ್ಲೇ ಇದೆ.

ಪೆನುಕೊಂಡ ಬಟ್ಟೆಗೆ ಹೊಸ ಊರಲ್ಲ. 1565ರ ತಾಳೀಕೋಟೆ ಯುದ್ಧದ ನಂತರ ಹಂಪಿ ಹಾಳಾದಾಗ ತಿರುಮಲರಾಯ ರಾಜಧಾನಿಯನ್ನು ಈ ಬೆಟ್ಟದ ಕೋಟೆಗೆ ತಂದ. ಆಸ್ಥಾನ ಇದ್ದ ಕಡೆ ನೇಯುವವರಿಗೆ ಕೆಲಸ ಇದ್ದೇ ಇರುತ್ತದೆ. ರಾಜರು ಹೋದರು, ನೇಯುವವರು ಉಳಿದರು. ಧರ್ಮಾವರಂ, ಸೋಮಂದೇಪಲ್ಲಿ, ಹಿಂದೂಪುರದ ಸುತ್ತಮುತ್ತ ತೊಗಟರು, ಪದ್ಮಶಾಲಿಗಳು, ದೇವಾಂಗರು ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಆಡಿಸುತ್ತಲೇ ಬಂದರು. ಮಡಕಶಿರಾ, ಅಮರಾಪುರ, ರೊಳ್ಳದ ಕಡೆ ಇವತ್ತಿಗೂ ಮನೆಮಾತು ಕನ್ನಡ. 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಯೊಂದಿಗೆ ಈ ಸೀಮೆಯೂ ಆ ಕಡೆ ಹೋಯಿತು. ಗಡಿ ಬಂದರೂ ಗೂಡಿನ ವ್ಯಾಪಾರ ನಿಲ್ಲಲಿಲ್ಲ. ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಗೆ ಎರಡೂ ಕಡೆಯ ರೈತರು ಗೂಡು ತರುತ್ತಾರೆ, ಎರಡೂ ಕಡೆಯ ರೀಲರುಗಳು ಹರಾಜು ಕೂಗುತ್ತಾರೆ. ಕಲ್ಯಾಣದುರ್ಗದ ಕಡೆ ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವರಿಗೆ, ಕೊಳವೆಬಾವಿಯಲ್ಲಿ ಒಂದಿಷ್ಟು ನೀರಿದ್ದರೆ ಹಿಪ್ಪುನೇರಳೆಯೇ ದಾರಿ.

ಇದೇ ನೇಯ್ಗೆಯ ಬದುಕಿನೊಳಗೆ ಪಾಲಿಸ್ಟರ್ ಬಂದದ್ದು. ಅದು ಎಲ್ಲಿಂದ ಹೊರಟಿತು ಎಂದು ಹುಡುಕಿದರೆ, ಇಂಗ್ಲೆಂಡಿನ ಲ್ಯಾಂಕಶೈರ್‌ನ ಆಕ್ರಿಂಗ್ಟನ್ ಎಂಬ ಗಿರಣಿ ಊರಿಗೆ ಹೋಗಬೇಕು. ಅಲ್ಲಿ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಗೆ ಒಂದು ಪುಟ್ಟ ಪ್ರಯೋಗಾಲಯವಿತ್ತು. ಹತ್ತಿಬಟ್ಟೆಗೆ ಬಣ್ಣದಚ್ಚು ಹಾಕುವುದು ಆ ಸಂಸ್ಥೆಯ ಕಸುಬು. ಜಾನ್ ರೆಕ್ಸ್ ವಿನ್‌ಫೀಲ್ಡ್ ಅಲ್ಲಿಯ ರಸಾಯನಶಾಸ್ತ್ರಜ್ಞ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೇಸ್ ಕಾರೋಥರ್ಸ್ 1930ರ ಸುಮಾರಿಗೆ ಆಮ್ಲ ಮತ್ತು ಆಲ್ಕೋಹಾಲುಗಳನ್ನು ಕೊಂಡಿ ಹಾಕಿ ಉದ್ದನೆಯ ಸರಪಳಿ ಅಣುಗಳನ್ನು ಮಾಡಿದ್ದ. ಆದರೆ ಆ ಪಾಲಿಸ್ಟರುಗಳು ತೀರ ಕಡಿಮೆ ಶಾಖಕ್ಕೇ ಕರಗುತ್ತಿದ್ದವು. ಬಿಸಿನೀರಿನಲ್ಲಿ ಒಗೆಯಲಾಗದ ನೂಲಿನಿಂದ ಯಾರಿಗೆ ಉಪಯೋಗ? ಕಾರೋಥರ್ಸ್ ಅದನ್ನು ಬಿಟ್ಟು ನೈಲಾನಿನ ಕಡೆ ತಿರುಗಿದ. ಅವನು ಬಿಟ್ಟ ಕಡೆಯಿಂದ ವಿನ್‌ಫೀಲ್ಡ್ ಯೋಚನೆ ಶುರುಮಾಡಿದ. ಕಾರೋಥರ್ಸ್ ಬಳಸಿದ್ದು ಬಾಗುವ ನೇರ ಸರಪಳಿಯ ಆಮ್ಲಗಳನ್ನು. ಅದರ ಬದಲು ನಡುವೆ ಬೆಂಜೀನ್ ಉಂಗುರವಿದ್ದು, ಎದುರುಬದುರು ತುದಿಗಳಲ್ಲಿ ಆಮ್ಲದ ಗುಂಪುಗಳಿರುವ ಟೆರೆಥ್ಯಾಲಿಕ್ ಆಮ್ಲವನ್ನು ಹಾಕಿದರೆ? ಉಂಗುರ ಬಾಗುವುದಿಲ್ಲ, ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ, ಕರಗುವ ಬಿಂದು ಮೇಲೇರಬೇಕು. 1941ರಲ್ಲಿ ಅವನೂ ಅವನ ಕಿರಿಯ ಸಹೋದ್ಯೋಗಿ ಜೇಮ್ಸ್ ಟೆನಂಟ್ ಡಿಕ್ಸನ್ನನೂ ಆ ಆಮ್ಲವನ್ನು ಎಥಿಲೀನ್ ಗ್ಲೈಕಾಲಿನೊಂದಿಗೆ ಸೇರಿಸಿ ಕಾಯಿಸಿದರು. ಕರಗಿದ ಪಾಕದಿಂದ ಎಳೆದಾಗ ನೂಲು ಬಂತು. ಅದು ಕರಗಲು 250 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖ ಬೇಕಾಯಿತು.

ಯುದ್ಧಕಾಲ. 1941ರ ಜುಲೈನಲ್ಲಿ ಅರ್ಜಿ ಹಾಕಿದ ಪೇಟೆಂಟು ಗುಟ್ಟಾಗಿಯೇ ಉಳಿದು 1946ರಲ್ಲಿ ಹೊರಬಂತು. ಇಂಗ್ಲೆಂಡಿನಲ್ಲಿ ಐಸಿಐ ಕಂಪನಿ ಅದನ್ನು ಟೆರಿಲೀನ್ ಎಂದು ಮಾರಿತು, ಅಮೆರಿಕದ ಹಕ್ಕು ಕೊಂಡ ಡ್ಯುಪಾಂಟ್ ಡೇಕ್ರಾನ್ ಎಂದು ಮಾರಿತು. ಹತ್ತಿಬಟ್ಟೆಯನ್ನೇ ನಂಬಿದ್ದ ಸಂಸ್ಥೆಯ ಪ್ರಯೋಗಾಲಯದಿಂದಲೇ ಹತ್ತಿಯ ಎದುರಾಳಿ ಹುಟ್ಟಿದ್ದು ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ.

ನೂಲು ಸಿಕ್ಕಿತು, ಆದರೆ ಆಮ್ಲವನ್ನು ಬೇಕಾದಷ್ಟು, ಬೇಕಾದಷ್ಟು ಶುದ್ಧವಾಗಿ ಮಾಡುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಟೆರೆಥ್ಯಾಲಿಕ್ ಆಮ್ಲ 19ನೆಯ ಶತಮಾನದ ನಡುಭಾಗದಿಂದಲೂ ರಸಾಯನಶಾಸ್ತ್ರಜ್ಞರಿಗೆ ಪರಿಚಿತ. ಫ್ರಾನ್ಸಿನ ಅಮೆದೆ ಕಾಯೋ ಅದನ್ನು ಟರ್ಪೆಂಟೈನಿನಿಂದ ಬೇರ್ಪಡಿಸಿದ್ದ. ಆದರೆ ಅದು ಬಹಳ ಹಟಮಾರಿ ವಸ್ತು. ನೀರಿನಲ್ಲಿ ಕರಗದು, ಸಾಮಾನ್ಯ ದ್ರಾವಕಗಳಲ್ಲಿ ಕರಗದು. ಕಾಯಿಸಿದರೆ ದ್ರವವಾಗದೆ ನೇರ ಆವಿಯಾಗಿ ಏಳುತ್ತದೆ. ಭಟ್ಟಿ ಇಳಿಸಿ ಶುದ್ಧ ಮಾಡೋಣವೆಂದರೆ ಆಗದು, ಕರಗಿಸಿ ಹರಳುಗಟ್ಟಿಸೋಣವೆಂದರೂ ಆಗದು. ನೂಲಿಗೆ ಮಾತ್ರ ಅದು ಪರಿಶುದ್ಧವಾಗಿಯೇ ಇರಬೇಕು. ಒಂದು ತುದಿ ಅರೆಬೆಂದ ಅಣು ಸರಪಳಿಯೊಳಗೆ ಸೇರಿದರೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ, ನೂಲು ಹಳದಿ ತಿರುಗುತ್ತದೆ.

ಕಚ್ಚಾವಸ್ತು ಪ್ಯಾರಾಕ್ಸೈಲೀನ್. ಪೆಟ್ರೋಲಿಯಂನಿಂದ ಬರುವ ಈ ದ್ರವದ ಅಣುವೆಂದರೆ ಒಂದು ಬೆಂಜೀನ್ ಉಂಗುರ, ಅದರ ಎದುರುಬದುರು ಎರಡು ಮಿಥೈಲ್ ಗುಂಪುಗಳು. ಆ ಎರಡನ್ನೂ ಆಮ್ಲಜನಕದಿಂದ ಉತ್ಕರ್ಷಿಸಿದರೆ ಬೇಕಾದ ಆಮ್ಲ ಸಿಗುತ್ತದೆ. ಮೊದಮೊದಲು ಇದನ್ನು ನೈಟ್ರಿಕ್ ಆಮ್ಲದಿಂದ ಮಾಡಿದರು. ಅದು ಖರ್ಚಿನ ಬಾಬ್ತು, ಅಪಾಯವೂ ಹೌದು, ಕೊನೆಗೆ ಬಣ್ಣ ಕೆಡಿಸುವ ಕಲ್ಮಶಗಳೂ ಉಳಿಯುತ್ತಿದ್ದವು. ಪುಕ್ಕಟೆ ಸಿಗುವ ಗಾಳಿಯನ್ನೇ ಊದಿ, ಕೊಬಾಲ್ಟ್ ಲವಣವನ್ನು ಕ್ರಿಯಾವರ್ಧಕವಾಗಿ ಇಟ್ಟು ಮಾಡಲು ನೋಡಿದರು. ಒಂದು ಮಿಥೈಲ್ ಗುಂಪು ಸಲೀಸಾಗಿ ಆಮ್ಲವಾಯಿತು. ಎರಡನೆಯದು ಜಗ್ಗಲಿಲ್ಲ. ಕಾರಣ ಇಷ್ಟೇ. ಮೊದಲನೆಯ ತುದಿ ಆಮ್ಲವಾದ ಕೂಡಲೇ ಅದು ಉಂಗುರದ ಎಲೆಕ್ಟ್ರಾನುಗಳನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ. ಆಗ ಎದುರಿನ ಮಿಥೈಲ್ ಗುಂಪು ತನ್ನ ಹೈಡ್ರೋಜನ್ನನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಕ್ರಿಯೆ ಪ್ಯಾರಾಟೊಲುಯಿಕ್ ಆಮ್ಲ ಎಂಬ ಅರ್ಧದಾರಿಯಲ್ಲಿ ನಿಂತುಬಿಡುತ್ತದೆ.

ಜರ್ಮನಿಯ ವಿಟ್ಟೆನ್‌ನಲ್ಲಿ ಇದಕ್ಕೊಂದು ಸುತ್ತುದಾರಿ ಕಂಡುಕೊಂಡರು. ಮೊದಲ ತುದಿ ಆಮ್ಲವಾದ ಮೇಲೆ ಅದಕ್ಕೆ ಮೆಥನಾಲ್ ಹಚ್ಚಿ ಎಸ್ಟರ್ ಮಾಡಿ, ಆಮೇಲೆ ಎರಡನೆಯದನ್ನು ಉತ್ಕರ್ಷಿಸಿ, ಅದಕ್ಕೂ ಮೆಥನಾಲ್ ಹಚ್ಚುವುದು. ಹೀಗೆ ಸಿಗುವ ಡೈಮಿಥೈಲ್ ಟೆರೆಥ್ಯಾಲೇಟ್, ಅಂದರೆ ಡಿಎಂಟಿ, ಕರಗುತ್ತದೆ, ಭಟ್ಟಿಗೂ ಇಳಿಯುತ್ತದೆ. ಹಾಗಾಗಿ ಜಗತ್ತಿನ ಮೊದಲ ಇಪ್ಪತ್ತು ವರ್ಷಗಳ ಪಾಲಿಸ್ಟರೆಲ್ಲ ಹೆಚ್ಚುಕಡಿಮೆ ಡಿಎಂಟಿಯದೇ. ಅದರ ತೊಡಕೆಂದರೆ, ನೂಲಿನ ಪಾಕ ಮಾಡುವಾಗ ಹಚ್ಚಿದ ಮೆಥನಾಲೆಲ್ಲ ಮತ್ತೆ ಹೊರಬರುತ್ತದೆ, ಅದನ್ನು ಹಿಡಿದು ಹಿಂದಕ್ಕೆ ಕಳಿಸಬೇಕು.

ನೇರದಾರಿ ತೆರೆದದ್ದು ನ್ಯೂಯಾರ್ಕಿನಲ್ಲಿ. ರಾಲ್ಫ್ ಲ್ಯಾಂಡೌ ಮತ್ತು ಹ್ಯಾರಿ ರೆನ್‌ಬರ್ಗ್ 1946ರಲ್ಲಿ ಶುರುಮಾಡಿದ್ದ ಸೈಂಟಿಫಿಕ್ ಡಿಸೈನ್ ಎಂಬ ಸಣ್ಣ ಕಂಪನಿಗೆ ಸ್ವಂತ ಕಾರ್ಖಾನೆಯಿರಲಿಲ್ಲ. ಹೊಸ ವಿಧಾನ ಕಂಡುಹಿಡಿದು ದೊಡ್ಡವರಿಗೆ ಮಾರುವುದೇ ಅದರ ಉದ್ಯೋಗ. ಅಲ್ಲಿ ಆಲ್ಫ್ರೆಡ್ ಸ್ಯಾಫರ್ ಮತ್ತು ರಾಬರ್ಟ್ ಬಾರ್ಕರ್, ಭಾರಲೋಹಗಳ ಲವಣಗಳೊಂದಿಗೆ ಬ್ರೋಮಿನ್ ಸೇರಿಸಿದಾಗ ಎರಡನೆಯ ಮಿಥೈಲ್ ಗುಂಪೂ ಬಿಟ್ಟುಕೊಡುವುದನ್ನು ಕಂಡರು. ಒಂದೇ ಪಾತ್ರೆ, ಒಂದೇ ಹಂತ. ಪ್ಯಾರಾಕ್ಸೈಲೀನ್ ಒಳಗೆ ಹೋದರೆ ಟೆರೆಥ್ಯಾಲಿಕ್ ಆಮ್ಲ ಹೊರಗೆ. 1954ರಲ್ಲಿ ಅರ್ಜಿ ಹಾಕಿದ ಆ ಪೇಟೆಂಟು 1958ರ ಮೇ ತಿಂಗಳಲ್ಲಿ ಮಂಜೂರಾಯಿತು. ಅಷ್ಟರಲ್ಲಿ, 1956ರಲ್ಲೇ, ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಅದರ ಹಕ್ಕನ್ನು ಕೊಂಡಿತ್ತು. ಮುಂದೆ ಅಮೊಕೊ ಎಂದು ಹೆಸರಾದದ್ದು ಇದೇ ಕಂಪನಿ.

ಬ್ರೋಮಿನ್ ಮಾಡುವ ಕೆಲಸ ನೇಯ್ಗೆ ಬಲ್ಲವರಿಗೆ ತಟ್ಟನೆ ಅರ್ಥವಾಗುತ್ತದೆ. ಅದು ಲಾಳಿಯ ಹಾಗೆ. ಗಾಳಿಯ ಆಮ್ಲಜನಕ ಕೊಬಾಲ್ಟನ್ನು ಮೇಲಿನ ಸ್ಥಿತಿಗೆ ಏರಿಸುತ್ತದೆ, ಕೊಬಾಲ್ಟು ಮ್ಯಾಂಗನೀಸನ್ನು, ಮ್ಯಾಂಗನೀಸು ಬ್ರೋಮೈಡನ್ನು ಬ್ರೋಮಿನ್ ಪರಮಾಣುವಾಗಿಸುತ್ತದೆ. ಆ ಪರಮಾಣು ಹೋಗಿ ಮಿಥೈಲ್ ಗುಂಪಿನಿಂದ ಹೈಡ್ರೋಜನ್ನನ್ನು ಕಿತ್ತುಕೊಂಡು ಮತ್ತೆ ಬ್ರೋಮೈಡಾಗಿ ಹಿಂದಿರುಗುತ್ತದೆ, ಮತ್ತೆ ಹೊರಡುತ್ತದೆ. ಹೈಡ್ರೋಜನ್ ಕಳೆದುಕೊಂಡ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಕ್ರಿಯಾವರ್ಧಕ ತಾನು ಖರ್ಚಾಗದೆ, ಟನ್ನುಗಟ್ಟಲೆ ಸರಕು ಹಾಯಿಸುತ್ತದೆ.

ಇದೆಲ್ಲ ನಡೆಯುವುದು ಅಸಿಟಿಕ್ ಆಮ್ಲದೊಳಗೆ, ಅಂದರೆ ವಿನೆಗರ್‌ನ ಹುಳಿಯ ಗಾಢ ರೂಪದೊಳಗೆ. ಶಾಖ ಸುಮಾರು 200 ಡಿಗ್ರಿ, ಒತ್ತಡ ವಾತಾವರಣದ ಹದಿನೈದರಿಂದ ಮೂವತ್ತು ಪಟ್ಟು. ಬಿಸಿ ಅಸಿಟಿಕ್ ಆಮ್ಲಕ್ಕೆ ಬ್ರೋಮಿನ್ ಕೂಡಿದರೆ ಸ್ಟೇನ್‌ಲೆಸ್ ಸ್ಟೀಲೂ ತಿಂದುಹೋಗುತ್ತದೆ. ಹಾಗಾಗಿ, ಆಗಷ್ಟೇ ಮುಖ್ಯವಾಗಿ ವಿಮಾನಗಳಿಗೆಂದು ತಯಾರಾಗತೊಡಗಿದ್ದ ಟೈಟಾನಿಯಂ ಲೋಹವನ್ನು ತಂದು ರಿಯಾಕ್ಟರಿನ ಒಳಮೈಗೆ ಹೊದಿಸಿದರು. ಉತ್ಕರ್ಷಣ ಎಂದರೆ ಒಂದು ಬಗೆಯ ನಿಧಾನದ ಉರಿಯೇ, ಶಾಖ ಧಾರಾಳವಾಗಿ ಹುಟ್ಟುತ್ತದೆ. ಅಸಿಟಿಕ್ ಆಮ್ಲವನ್ನು ಕುದಿಯಲು ಬಿಟ್ಟು, ಆ ಆವಿಯೊಂದಿಗೆ ಶಾಖವನ್ನು ಹೊರತೆಗೆದು, ಆವಿಯನ್ನು ತಣಿಸಿ ಮತ್ತೆ ಒಳಕ್ಕೆ ಸುರಿಯುತ್ತಾರೆ. ಸ್ವಲ್ಪ ಅಸಿಟಿಕ್ ಆಮ್ಲ ಪ್ರತಿ ಸುತ್ತಿನಲ್ಲೂ ಸುಟ್ಟುಹೋಗುತ್ತದೆ. ಆ ನಷ್ಟವನ್ನು ಕಡಿಮೆ ಮಾಡುವುದು ಇವತ್ತಿಗೂ ಈ ಉದ್ಯಮದ ಎಂಜಿನಿಯರುಗಳ ದಿನನಿತ್ಯದ ಕೆಲಸ.

ಇಷ್ಟಾದರೂ ಪುಡಿ ನೂಲಿಗೆ ತಕ್ಕಷ್ಟು ಶುದ್ಧವಾಗಿರಲಿಲ್ಲ. ಆಮ್ಲವಾಗುವ ಕೊನೆಯ ಮೆಟ್ಟಿಲಲ್ಲಿ ನಿಂತ 4-ಕಾರ್ಬಾಕ್ಸಿಬೆಂಜಾಲ್ಡಿಹೈಡ್ ಎಂಬ ಕಲ್ಮಶ ಹರಳುಗಳೊಳಗೇ ಸಿಕ್ಕಿಕೊಂಡು, ಹತ್ತು ಲಕ್ಷಕ್ಕೆ ಕೆಲವು ಸಾವಿರ ಪಾಲು ಉಳಿಯುತ್ತಿತ್ತು. ಅಮೊಕೊದ ಡೆಲ್ಬರ್ಟ್ ಮೇಯರ್ 1960ರ ದಶಕದಲ್ಲಿ ಇದಕ್ಕೆ ಮದ್ದು ಹುಡುಕಿದ. ತಣ್ಣೀರಿನಲ್ಲಿ ಕರಗದ ಈ ಆಮ್ಲ, ಒತ್ತಡದಲ್ಲಿ ಸುಮಾರು 280 ಡಿಗ್ರಿಗೆ ಕಾಯಿಸಿದ ನೀರಿನಲ್ಲಿ ಕರಗುತ್ತದೆ. ಆ ದ್ರಾವಣಕ್ಕೆ ಹೈಡ್ರೋಜನ್ ಸೇರಿಸಿ ಪಲ್ಲಾಡಿಯಂ ಲೋಹದ ಮೇಲೆ ಹಾಯಿಸಿದರೆ ಕಲ್ಮಶವು ಟೊಲುಯಿಕ್ ಆಮ್ಲವಾಗಿ ಮಾರ್ಪಡುತ್ತದೆ. ತಣಿಸಿದಾಗ ಟೆರೆಥ್ಯಾಲಿಕ್ ಆಮ್ಲ ಹರಳಾಗಿ ತಳ ಸೇರುತ್ತದೆ, ಟೊಲುಯಿಕ್ ಆಮ್ಲ ನೀರಿನಲ್ಲೇ ಉಳಿಯುತ್ತದೆ. ಕಲ್ಮಶ ಹತ್ತು ಲಕ್ಷಕ್ಕೆ 25 ಪಾಲಿಗಿಂತ ಕೆಳಗಿಳಿಯಿತು. ಉದ್ಯಮದಲ್ಲಿ ಪಿಟಿಎ ಎಂದು ಕರೆಯುವ ಶುದ್ಧ ಟೆರೆಥ್ಯಾಲಿಕ್ ಆಮ್ಲ ಹುಟ್ಟಿದ್ದು ಹೀಗೆ. ಡಿಎಂಟಿಯ ಕಾಲ ಮುಗಿಯುತ್ತ ಬಂತು, ಪಾಲಿಸ್ಟರ್ ಅಗ್ಗವಾಯಿತು.

ಎಷ್ಟು ಅಗ್ಗ ಎನ್ನುವುದಕ್ಕೆ ಒಂದು ಸೀರೆಯ ಲೆಕ್ಕ ಸಾಕು. 400 ಗ್ರಾಂ ತೂಗುವ ಪಾಲಿಸ್ಟರ್ ಸೀರೆಯೆಂದಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಆಮ್ಲ ಸುಮಾರು 345 ಗ್ರಾಂ. ಆ ಆಮ್ಲಕ್ಕೆ ಬೇಕಾದ ಪ್ಯಾರಾಕ್ಸೈಲೀನ್ ಬರೇ 220 ಗ್ರಾಂ. ಉಳಿದದ್ದು ಗಾಳಿಯಿಂದ ಬರುತ್ತದೆ. 200 ಗ್ರಾಂ ಆಮ್ಲಜನಕಕ್ಕಾಗಿ ಸುಮಾರು 860 ಗ್ರಾಂ ಗಾಳಿಯನ್ನು ಒತ್ತಿ ಊದಬೇಕು. ಸೀರೆಗಿಂತ ಅದಕ್ಕೆ ತಗುಲಿದ ಗಾಳಿಯ ತೂಕವೇ ಎರಡು ಪಟ್ಟು. ರೇಷ್ಮೆಗಾದರೆ ಹಿಪ್ಪುನೇರಳೆ ತೋಟ, ತಿಂಗಳೊಪ್ಪತ್ತು ಹಗಲಿರುಳೆನ್ನದೆ ಹುಳುವಿಗೆ ಸೊಪ್ಪು ಹಾಕುವ ಹೆಂಗಸರು, ಚಂದ್ರಿಕೆ, ಗೂಡು ಬಿಡಿಸುವ ಕೈಗಳು, ಬಿಸಿನೀರಿನ ಬಾಣಲೆಯಲ್ಲಿ ಬೆರಳದ್ದಿ ನೂಲೆಳೆಯುವವರು, ಹುರಿ ಹಾಕುವವರು ಬೇಕು. ಈ ಎರಡನ್ನೂ ಒಂದೇ ಅಂಗಡಿಯ ಕಪಾಟಿನಲ್ಲಿಟ್ಟು ಬೆಲೆ ಕಟ್ಟಿದಾಗ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಾಗಿಲ್ಲ.

ಭಾರತಕ್ಕೆ ಟೆರಿಲೀನ್ ಮೊದಲು ಬಂದದ್ದು ಸಿರಿವಂತರ ಬಟ್ಟೆಯಾಗಿ. 1960ರ ದಶಕದ ನಡುವಿನಲ್ಲಿ ಐಸಿಐನ ಅಂಗಸಂಸ್ಥೆ ಕೆಮಿಕಲ್ಸ್ ಅಂಡ್ ಫೈಬರ್ಸ್ ಆಫ್ ಇಂಡಿಯಾ ಠಾಣೆಯಲ್ಲಿ ಟೆರೀನ್ ಎಂಬ ಹೆಸರಿನ ಪಾಲಿಸ್ಟರ್ ನಾರು ತಯಾರಿಸತೊಡಗಿತು. ಹತ್ತಿಯೊಂದಿಗೆ ಬೆರೆಸಿದ ಟೆರಿಕಾಟ್ ಬಟ್ಟೆಯ ಮೋಹ ನಮ್ಮ ಹಳ್ಳಿಗಳವರೆಗೂ ಮುಟ್ಟಿತ್ತು. ಮದುವೆಗೆ ಅಳಿಯನಿಗೆ ಟೆರಿಕಾಟ್ ಪ್ಯಾಂಟು, ಟೆರಿಲಿನ್ ಶರ್ಟು ಕೊಡದಿದ್ದರೆ ಬೀಗರ ಮುಂದೆ ಮುಖ ಸಣ್ಣಗಾಗುತ್ತಿದ್ದ ಕಾಲ ಅದು. ಇಸ್ತ್ರಿ ಬೇಡ, ಒಗೆದರೆ ಒಂದು ಗಂಟೆಯಲ್ಲಿ ಒಣಗುತ್ತದೆ, ವರ್ಷಗಟ್ಟಲೆ ಹರಿಯುವುದಿಲ್ಲ. ಎರಡೇ ಜೊತೆ ಬಟ್ಟೆಯಿದ್ದ ಮೇಷ್ಟರಿಗೆ, ಗುಮಾಸ್ತರಿಗೆ, ಕೆಲಸಕ್ಕೆ ಹೋಗುವ ಹೆಂಗಸರಿಗೆ ಇದು ದೊಡ್ಡ ಅನುಕೂಲ. ಪಾಲಿಸ್ಟರನ್ನು ಬೈಯುವಾಗ ಈ ಮಾತನ್ನು ಮರೆಯಬಾರದು. ಬಡವರ ಮನೆಯ ಹೆಣ್ಣುಮಕ್ಕಳಿಗೆ ಹೊಳೆಯುವ ಸೀರೆಯುಟ್ಟುಕೊಳ್ಳುವ ಭಾಗ್ಯವನ್ನು ಮೊದಲ ಸಲ ಕೈಗೆಟಕುವಂತೆ ಮಾಡಿದ್ದು ಇದೇ ನೂಲು.

1973ರಲ್ಲಿ ವಡೋದರದ ಸರ್ಕಾರಿ ಸಂಸ್ಥೆ ಐಪಿಸಿಎಲ್ ಡಿಎಂಟಿ ಮಾಡತೊಡಗಿತು. 1980ರ ದಶಕದಲ್ಲಿ ಮುಂಬೈ ಸಮೀಪದ ಪಾತಾಳಗಂಗಾದಲ್ಲಿ ಬಾಂಬೆ ಡೈಯಿಂಗ್ ಡಿಎಂಟಿಯ ಕಡೆ, ರಿಲಯನ್ಸ್ ಪಿಟಿಎ ಕಡೆ ನಿಂತವು. ಮೆಥನಾಲ್ ಹಚ್ಚಿದ ಆಮ್ಲವೋ, ಹಚ್ಚದ ಆಮ್ಲವೋ ಎಂಬ ರಾಸಾಯನಿಕ ಪ್ರಶ್ನೆ ಆಮದು ನೀತಿ, ಸುಂಕ, ಪತ್ರಿಕೆಗಳ ಮುಖಪುಟ ಎಲ್ಲವನ್ನೂ ಆವರಿಸಿತು. ಆ ಜಟಾಪಟಿಯ ಕಥೆ ಬೇರೆ ಕಡೆ ಸಾಕಷ್ಟು ಬಂದಿದೆ. ಇಲ್ಲಿ ಮುಖ್ಯವಾದದ್ದು ಅದರ ಫಲಿತಾಂಶ. ದಶಕ ಮುಗಿಯುವಷ್ಟರಲ್ಲಿ ಪಿಟಿಎ ದೇಶದಲ್ಲೇ ತಯಾರಾಗತೊಡಗಿತ್ತು.

1985ರಲ್ಲಿ ದೆಹಲಿಯಲ್ಲಿ ಎರಡು ತೀರ್ಮಾನಗಳಾದವು. ಪೆನುಕೊಂಡ ಸೀಮೆಯ ನೇಕಾರರ ಮಟ್ಟಿಗೆ ಅವು ಒಂದಕ್ಕೊಂದು ಎದುರಾಗಿದ್ದವು. ಮಾರ್ಚಿಯಲ್ಲಿ ಕೈಮಗ್ಗ ಮೀಸಲಾತಿ ಕಾಯ್ದೆ ಬಂತು. ಅದರಡಿ ಕೈಮಗ್ಗಕ್ಕೇ ಎಂದು 22 ಬಗೆಯ ಬಟ್ಟೆಗಳನ್ನು ಗುರುತಿಸಲಾಯಿತು. ಜೂನ್‌ನಲ್ಲಿ ಹೊಸ ಜವಳಿ ನೀತಿ ಬಂತು. ಹತ್ತಿಯಾಗಲಿ ಕೃತಕ ನೂಲಾಗಲಿ ಯಾವುದನ್ನು ಬೇಕಾದರೂ ಬಳಸಲು ಗಿರಣಿ, ವಿದ್ಯುತ್ ಮಗ್ಗಗಳಿಗೆ ಅದು ಅವಕಾಶ ಕೊಟ್ಟಿತು. ಮೀಸಲಾತಿ ಕಾಯ್ದೆಗೆ ವಿದ್ಯುತ್ ಮಗ್ಗದವರು ನ್ಯಾಯಾಲಯದಲ್ಲಿ ತಡೆಯೊಡ್ಡಿದರು. ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿದದ್ದು 1993ರಲ್ಲಿ. ಅಷ್ಟು ವರ್ಷ ಕಾಯ್ದೆ ಕಾಗದದ ಮೇಲಿತ್ತು, ನೂಲು ಮಾತ್ರ ಲಾರಿಯಲ್ಲಿ ಬರುತ್ತಲೇ ಇತ್ತು. ಆಮೇಲೆ ಮೀಸಲು ಪಟ್ಟಿಯೂ 22ರಿಂದ 11ಕ್ಕೆ ಇಳಿಯಿತು. ನೇಕಾರರಿಗೆ ಕೊಟ್ಟ ಮಾತನ್ನು ನಡೆಸಿಕೊಡಬೇಕೆಂಬ ಕಾಳಜಿ ಆ ದಿನಗಳಲ್ಲಿ ಇದ್ದಿದ್ದರೆ, ಮೊದಲ ಎಂಟು ವರ್ಷಗಳು ಹಾಗೆ ಕೈಜಾರಲು ಬಿಡುತ್ತಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳ ಸದ್ದು ಬೀದಿಬೀದಿಯಲ್ಲೂ ಕೇಳತೊಡಗಿತು. ಸೂರತ್‌ನಿಂದ ಬಂದ ಪಾಲಿಸ್ಟರ್ ನೂಲು ಹಾಸಿಗೂ ಹೊಕ್ಕಿಗೂ ಏರಿತು. ಅದೇ ರೈಲುದಾರಿಯಲ್ಲಿ ಆಚೆ ಹೋದರೆ ಧರ್ಮಾವರದವರು ರೇಷ್ಮೆಗೇ ಅಂಟಿಕೊಂಡರು. ಮದುವೆಗೆ ಅಸಲಿ ಪಟ್ಟೆಸೀರೆಯೇ ಬೇಕೆನ್ನುವವರು ಇದ್ದಷ್ಟು ದಿನ ಕೈಮಗ್ಗಕ್ಕೆ ಅನ್ನ ಉಂಟು ಎಂಬ ಧೈರ್ಯ ಅವರದು. ಆದರೆ ಅದೇ ವಿನ್ಯಾಸವನ್ನು ಪಾಲಿಸ್ಟರಿನಲ್ಲಿ ನೇಯ್ದ ಸೀರೆ ಅರ್ಧಕ್ಕರ್ಧಕ್ಕಿಂತ ಕಡಿಮೆ ಬೆಲೆಗೆ ಪಕ್ಕದಲ್ಲೇ ಬಂದು ಕೂತಿತು. ಕಣ್ಣಿಗೆ ವ್ಯತ್ಯಾಸ ತಿಳಿಯದ ಗಿರಾಕಿಗೆ ಬೆಂಕಿಕಡ್ಡಿಯ ಪರೀಕ್ಷೆ ಬೇಕಾದದ್ದು ಆಗಲೇ. ಕಣ್ಣು ಬಲಿತ ನೇಕಾರನಿಗೆ ಆ ಕಡ್ಡಿ ಬೇಕಿಲ್ಲ, ಬೆರಳ ತುದಿಯಲ್ಲಿ ಮುಟ್ಟಿ ಹೇಳುತ್ತಾನೆ.

ಸೂರತ್‌ನ ನೂಲಿಗೆ ಆಮ್ಲ ಒದಗಿಸುವ ಸ್ಥಾವರಗಳು ಗುಜರಾತಿನಲ್ಲಿ, ಮಹಾರಾಷ್ಟ್ರದಲ್ಲಿ ಬೆಳೆದವು. 2000ದಲ್ಲಿ ಬಂಗಾಳದ ಹಲ್ದಿಯಾ, 2006ರಲ್ಲಿ ಹರಿಯಾಣದ ಪಾಣಿಪತ್ ಸೇರಿಕೊಂಡವು. ಕನ್ನಡ ನಾಡಿಗೆ ಈ ಆಮ್ಲದ ಕಾರ್ಖಾನೆ ಬಂದದ್ದು ಕೊನೆಯಲ್ಲಿ, ಬಂದ ರೀತಿಯೂ ನೋವಿನದು.

ಸುರತ್ಕಲ್ ಸಮೀಪದ ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ 1996ರಲ್ಲಿ ಶುರುವಾಯಿತು. ಅದಕ್ಕಾಗಿ ಗದ್ದೆ, ತೋಟ ಬಿಟ್ಟವರಿಗೆ ಚೇಳ್ಯಾರಿನಲ್ಲಿ ಕಾಲೊನಿ ಕಟ್ಟಿಕೊಟ್ಟರು. 2003ರಲ್ಲಿ ಓಎನ್‌ಜಿಸಿ ಅದನ್ನು ವಹಿಸಿಕೊಂಡಿತು. 2006ರಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಕಂಪನಿ ಹುಟ್ಟಿತು. ಬಜ್ಪೆ, ಕಳವಾರು, ಪೆರ್ಮುದೆ, ತೋಕೂರಿನ ಕಡೆ ಸುಮಾರು 1,800 ಎಕರೆ ಮೊದಲ ಹಂತದಲ್ಲಿ ಹೋಯಿತು. ಹೋದದ್ದು ಭತ್ತದ ಗದ್ದೆ, ತೆಂಗು ಕಂಗಿನ ತೋಟ, ಕುಡುಬಿ ಸಮುದಾಯದವರ ಮನೆಗಳು, ದೈವಸ್ಥಾನಗಳಿದ್ದ ಬನಗಳು. ಎರಡನೆಯ ಹಂತಕ್ಕೆಂದು 2,035 ಎಕರೆ ಕೇಳಿದಾಗ ರೈತರು ಜಗ್ಗದೆ ನಿಂತರು. ಪೇಜಾವರದ ವಿಶ್ವೇಶತೀರ್ಥ ಸ್ವಾಮಿಗಳೂ ಅವರ ಜೊತೆ ನಿಂತರು. 2011ರಲ್ಲಿ ಸರ್ಕಾರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಕರಾವಳಿಯ ಕೃಷಿಕರು ಗೆದ್ದ ದೊಡ್ಡ ಹೋರಾಟಗಳಲ್ಲಿ ಇದೂ ಒಂದು, ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ಮೊದಲ ಹಂತದ ಜಾಗದಲ್ಲಿ ಎರಡು ದೊಡ್ಡ ಸ್ಥಾವರಗಳು ಎದ್ದವು. ಒಂದು ಓಎಂಪಿಎಲ್. ಸಂಸ್ಕರಣಾಗಾರದಿಂದ ಬರುವ ನ್ಯಾಫ್ತಾದಿಂದ ವರ್ಷಕ್ಕೆ 9.05 ಲಕ್ಷ ಟನ್ ಪ್ಯಾರಾಕ್ಸೈಲೀನ್ ತೆಗೆಯುವ ಈ ಘಟಕ 2014ರಲ್ಲಿ ಶುರುವಾಯಿತು. ಪ್ಯಾರಾಕ್ಸೈಲೀನನ್ನು ತೆಗೆಯುವುದೂ ಸುಲಭವಲ್ಲ. ಅದರೊಂದಿಗೆ ಬೆರೆತ ಮೆಟಾಕ್ಸೈಲೀನ್ 139.1 ಡಿಗ್ರಿಗೆ ಕುದಿಯುತ್ತದೆ, ಪ್ಯಾರಾ 138.4ಕ್ಕೆ. ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲದ ಇವೆರಡನ್ನು ಭಟ್ಟಿಯಲ್ಲಿ ಬಿಡಿಸಲಾಗದು. ಹಿಂದೆ ಹೆಪ್ಪುಗಟ್ಟಿಸಿ ಬಿಡಿಸುತ್ತಿದ್ದರು, ಯಾಕೆಂದರೆ ಪ್ಯಾರಾ 13 ಡಿಗ್ರಿಗೇ ಗಟ್ಟಿಯಾಗುತ್ತದೆ. 1970ರ ದಶಕದಿಂದೀಚೆಗೆ ಸೂಕ್ಷ್ಮ ರಂಧ್ರಗಳ ಜಿಯೋಲೈಟ್ ಹರಳುಗಳ ಮೇಲೆ ಹಾಯಿಸಿ, ಪ್ಯಾರಾ ಅಣುಗಳನ್ನು ಹಿಡಿದಿಟ್ಟುಕೊಳ್ಳುವ ವಿಧಾನ ಹೆಚ್ಚು ಬಳಕೆಯಲ್ಲಿದೆ.

ಇನ್ನೊಂದು ಜೆಬಿಎಫ್ ಪೆಟ್ರೋಕೆಮಿಕಲ್ಸ್ ಎಂಬ ಖಾಸಗಿ ಕಂಪನಿಯ ಪಿಟಿಎ ಸ್ಥಾವರ. ಸಾಮರ್ಥ್ಯ ವರ್ಷಕ್ಕೆ 12.5 ಲಕ್ಷ ಟನ್. ತಂತ್ರಜ್ಞಾನ ಬಿಪಿಯದು, ಅಂದರೆ ಅಮೊಕೊವನ್ನು ತನ್ನೊಳಗೆ ಸೇರಿಸಿಕೊಂಡ ಕಂಪನಿಯದು. ಸ್ಯಾಫರ್, ಬಾರ್ಕರ್, ಮೇಯರ್ ಅವರ ವಿಧಾನ ಹೀಗೆ ಪೆರ್ಮುದೆಯ ಗುಡ್ಡಕ್ಕೆ ಬಂತು. ಲೆಕ್ಕ ಹಾಕಿ ನೋಡಿದರೆ ಇವೆರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಸ್ಥಾವರಗಳು. 12.5 ಲಕ್ಷ ಟನ್ ಆಮ್ಲಕ್ಕೆ ಪ್ಯಾರಾಕ್ಸೈಲೀನ್ ಎಂಟು ಲಕ್ಷ ಟನ್ನಿಗಿಂತ ತುಸು ಹೆಚ್ಚು ಬೇಕು. ಪಕ್ಕದ ಓಎಂಪಿಎಲ್ ಮಾಡುವುದು ಒಂಬತ್ತು ಲಕ್ಷ. ಪೈಪಿನಲ್ಲಿ ಹರಿಸಿದರೆ ಮುಗಿಯಿತು. ನಡೆದದ್ದು ಬೇರೆ. ಸ್ಥಾವರ ಎದ್ದು ನಿಂತರೂ ಸಾಲದ ಭಾರಕ್ಕೆ ಜೆಬಿಎಫ್ ಕುಸಿಯಿತು, ಉತ್ಪಾದನೆ ನೆಲೆ ನಿಲ್ಲಲಿಲ್ಲ. ಮಂಗಳೂರಿನ ಪ್ಯಾರಾಕ್ಸೈಲೀನ್ ಪಣಂಬೂರಿನ ಬಂದರಿನಿಂದ ಹಡಗೇರಿ ಹೊರದೇಶಗಳಿಗೆ ಹೋಯಿತು. ದೊಡ್ಡಬಳ್ಳಾಪುರದ ಮಗ್ಗಗಳಿಗೆ ನೂಲು ಸೂರತ್‌ನಿಂದಲೇ ಬರುತ್ತಿತ್ತು.

ಈ ನಡುವೆ ಪೆನುಕೊಂಡಕ್ಕೂ ಹೊಸ ಕಾರ್ಖಾನೆ ಬಂತು. ಎರ್ರಮಂಚಿಯ ಹತ್ತಿರ ಕೊರಿಯಾದ ಕಿಯಾ ಕಂಪನಿಯ ಸ್ಥಾವರದಿಂದ 2019ರಲ್ಲಿ ಕಾರುಗಳು ಹೊರಬರತೊಡಗಿದವು. ಸಾಮಾನ್ಯವಾಗಿ ಯಾವುದೇ ಕಾರಿನ ಸೀಟ್ ಬೆಲ್ಟು ಪಾಲಿಸ್ಟರ್ ನೂಲಿನ ನೇಯ್ಗೆ, ಸೀಟಿನ ಬಟ್ಟೆ ಬಹುಪಾಲು ಪಾಲಿಸ್ಟರು, ಹಲವು ಟೈರುಗಳ ಒಳಗಿನ ಹುರಿಯೂ ಅದೇ. 2022ರಲ್ಲಿ ಪೆನುಕೊಂಡ, ಹಿಂದೂಪುರ, ಧರ್ಮಾವರಂ ಮೂರೂ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾದವು. ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ನೇಕಾರರ ಮನೆಯ ಹುಡುಗರು ಮಗ್ಗದ ಗುಂಡಿಯಿಂದೆದ್ದು ಹೆದ್ದಾರಿ ಬದಿಯ ಕಾರ್ಖಾನೆಗಳ ಕಡೆ ನೋಡುವುದು ಈಗ ಈ ಸೀಮೆಯಲ್ಲಿ ಸಾಮಾನ್ಯ ಸಂಗತಿ.

ಜೆಬಿಎಫ್ ಸ್ಥಾವರ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಮರುವರ್ಷ ಸಾರ್ವಜನಿಕ ವಲಯದ ಗೇಲ್ ಸುಮಾರು 2,079 ಕೋಟಿ ರೂಪಾಯಿಗೆ ಅದನ್ನು ಪಡೆದು, ಗೇಲ್ ಮಂಗಳೂರು ಪೆಟ್ರೋಕೆಮಿಕಲ್ಸ್ ಎಂದು ಹೆಸರಿಟ್ಟಿತು. ಓಎಂಪಿಎಲ್ ಅಷ್ಟರಲ್ಲಿ ಎಂಆರ್‌ಪಿಎಲ್‌ನೊಳಗೆ ವಿಲೀನವಾಗಿತ್ತು. ಹೀಗೆ ಪ್ಯಾರಾಕ್ಸೈಲೀನೂ ಆಮ್ಲವೂ ಎರಡೂ ಸರ್ಕಾರದ ಒಡೆತನದ ಕಂಪನಿಗಳ ಕೈಗೆ ಬಂದವು. ಜಮೀನು ಬಿಟ್ಟುಕೊಟ್ಟ ಮನೆಗೊಂದು ಕೆಲಸ ಎಂಬ ಭರವಸೆಯಲ್ಲಿ ಜೆಬಿಎಫ್ ಸೇರಿದ್ದ ನಿರ್ವಸಿತ ಕುಟುಂಬಗಳ ಯುವಕರು, ಒಡೆಯರು ಬದಲಾದಾಗ ತಮ್ಮ ಕೆಲಸ ಉಳಿಸಿಕೊಡಿ ಎಂದು ಮತ್ತೆ ಕಚೇರಿಗಳ ಬಾಗಿಲು ತಟ್ಟಬೇಕಾಯಿತು. ಅವರ ಅಪ್ಪಂದಿರು ಬೇಸಾಯ ಮಾಡಿದ್ದ ನೆಲದ ಮೇಲೆಯೇ ಆ ಟೈಟಾನಿಯಂ ಹೊದಿಸಿದ ರಿಯಾಕ್ಟರ್ ನಿಂತಿದೆ. ಅದನ್ನು ನಡೆಸುವ ತರಬೇತಿಯೂ ಆ ಹುಡುಗರಿಗಿತ್ತು.